ಅರ್ಜಿ ಬರೆಯುವ ಕೆಲಸ: ಕಾರ್ಬನ್ ಪೇಪರಿನಿಂದ ವಾಯ್ಸ್ ಮೆಸೇಜ್‌ವರೆಗೆ

ಚಿತ್ರದುರ್ಗದಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪೌತಿ ಖಾತೆ (ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಪಹಣಿ ಅಂದರೆ ಜಮೀನಿನ ದಾಖಲೆಯ ತಿದ್ದುಪಡಿ, ವಿಧವಾ ವೇತನ, ಹೊಲದ ದಾರಿ ತಕರಾರು, ಮಾಹಿತಿ ಹಕ್ಕು, ಎಲ್ಲಾ ಬರುತ್ತದೆ. ಜನ ಬಾಯಲ್ಲಿ ಹೇಳುತ್ತಾರೆ, ನಾನು ಕಾಗದಕ್ಕೆ ಇಳಿಸುತ್ತೇನೆ. ಶುರು ಮಾಡಿದ್ದು ಟೈಪ್‌ರೈಟರ್‌ನಲ್ಲಿ, ಈಗ ಜಾಸ್ತಿ ಕೆಲಸ ಬರುವುದು ವಾಟ್ಸಾಪ್‌ನಲ್ಲಿ. ಮಷಿನ್ ಬದಲಾದ ಹಾಗೆಲ್ಲ ಅರ್ಜಿಯ ಒಕ್ಕಣೆ ಬದಲಾಯಿತು, ಜನ ಹೇಳುವ ರೀತಿಯೂ ಬದಲಾಯಿತು.

ಟೈಪ್‌ರೈಟರ್‌ನಲ್ಲಿ ಹೊಡೆದದ್ದು ಹೊಡೆದದ್ದೇ. ಮೇಲೆ ಮೂಲ ಪ್ರತಿ, ಕೆಳಗೆ ಕಾರ್ಬನ್, ಅದರ ಕೆಳಗೆ ಇನ್ನೊಂದು ಹಾಳೆ, ಮತ್ತೆ ಕಾರ್ಬನ್. ಒಂದಕ್ಷರ ತಪ್ಪಿದರೆ ಎಲ್ಲಾ ಹಾಳೆಯಲ್ಲೂ ಉಜ್ಜಬೇಕು, ಒತ್ತಕ್ಷರ ಅದರ ಜಾಗದಲ್ಲೇ ಕೂರಬೇಕು. ಹಾಗಾಗಿ ಪೂರ್ತಿ ಕೇಳಿಸಿಕೊಳ್ಳದೆ ಹಾಳೆ ಹಾಕುತ್ತಲೇ ಇರಲಿಲ್ಲ. ಎದುರು ಕೂತವರು ಹೇಳಿ ಮುಗಿಸುವವರೆಗೆ ಕೈಯಲ್ಲಿ ಚೀಟಿ, ಪೆನ್ಸಿಲ್ ಅಷ್ಟೇ. ಸರ್ವೆ ನಂಬರ್, ಇಸವಿ, ಯಾರಿಗೆ ಯಾರು ಏನಾಗಬೇಕು ಅನ್ನುವುದನ್ನು ಗುರುತು ಹಾಕಿಕೊಂಡು, ಯಾವುದು ಮೊದಲು ಯಾವುದು ಆಮೇಲೆ ಅಂತ ತಲೆಯಲ್ಲಿ ಜೋಡಿಸಿದ ಮೇಲೆಯೇ ಕೀ ಮೇಲೆ ಕೈ.

ಆಮೇಲೆ ಕಂಪ್ಯೂಟರ್ ಬಂತು, ಕನ್ನಡ ಟೈಪ್ ಮಾಡುವ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಬೇಗ ಒಗ್ಗುತ್ತದೆ, ಎಫ್ ಒತ್ತಿದರೆ ಒತ್ತಕ್ಷರ. ತಿದ್ದುವುದು ಸಲೀಸಾಯಿತು, ನಿಜ. ಆದರೆ ಹಳೇ ಫೈಲ್ ತೆಗೆದು ಹೆಸರು, ಊರು ಬದಲಿಸಿ ಪ್ರಿಂಟ್ ಕೊಡುವ ಚಾಳಿಯೂ ನಮ್ಮ ಕಸುಬಿನಲ್ಲಿ ಆಗಲೇ ಹಬ್ಬಿತು. ಎಲ್ಲರ ಅರ್ಜಿಯೂ ಒಂದೇ ಥರ. ಕಚೇರಿಯವರು ಮೇಲಿನ ‘ವಿಷಯ’ ನೋಡಿ ಪಕ್ಕಕ್ಕಿಡುತ್ತಾರೆ, ಆ ಮನುಷ್ಯನಿಗೆ ಏನಾಗಿದೆ ಅನ್ನುವುದು ಒಳಗೆ ಎಲ್ಲೂ ಇರುವುದಿಲ್ಲ. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ.

ಚೌಕಟ್ಟು ಇರುವುದು ತಪ್ಪಲ್ಲ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ ಅಲ್ವಾ, ಅದೂ ಒಂದು ಕಚೇರಿ ಪತ್ರವೇ. ಸುವರ್ಣಗಿರಿಯಿಂದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಅಧಿಕಾರಿಗಳು, ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತು ತಿಳಿಸುತ್ತಾರೆ. ಕೊನೆಗೆ ಬರೆದವನ ಹೆಸರು, ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತಾನು ಲಿಪಿಕಾರ ಅನ್ನುವ ಮಾತನ್ನು ಮಾತ್ರ ಅವನು ಖರೋಷ್ಠಿ ಅನ್ನುವ ಬೇರೆ ಲಿಪಿಯಲ್ಲಿ ಕೆತ್ತಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಈ ಬರಹಗಾರನ ಬಗ್ಗೆ ನನಗೆ ತುಂಬಾ ಅಭಿಮಾನ. ಒಕ್ಕಣೆ ರಾಜನದ್ದಾದರೂ ತನ್ನ ಗುರುತು ಉಳಿಸಿದ. ಅರ್ಜಿ ಕೊಡುವವರ ಗುರುತೂ ಹಾಗೆ ಉಳಿಯಬೇಕು ಅನ್ನುವುದು ನನ್ನ ಹಟ.

ಮೊಬೈಲ್ ಬಂದ ಹೊಸದರಲ್ಲಿ ಬೇರೆ ತೊಂದರೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಫೋನಿಗೆ ಕಳಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದವು, ಫಾಂಟ್ ಇಲ್ಲದ ಕಡೆ ಮೂಲ ಅಕ್ಷರವೇ ಎದ್ದು ಬರುತ್ತಿತ್ತು. ಎಲ್ಲಾ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗ ಇದ್ದರೂ ನಮ್ಮ ಟೇಬಲ್‌ವರೆಗೆ ಬರಲು ಬಹಳ ವರ್ಷ ಹಿಡಿಯಿತು. ಈಗ ನಾನು ಎಲ್ಲವನ್ನೂ ಯೂನಿಕೋಡ್‌ನಲ್ಲೇ ಮಾಡುತ್ತೇನೆ.

ನಿಜವಾದ ಬದಲಾವಣೆ ವಾಯ್ಸ್ ಮೆಸೇಜ್. ವಾಟ್ಸಾಪ್‌ಗೆ ಅದು ಬಂದದ್ದು 2013ರಲ್ಲಿ. ಓದು ಬರಹ ಬಾರದವರೂ ಮನೆಯಲ್ಲೇ ಕೂತು ತಮ್ಮ ಕಷ್ಟ ಹೇಳಿ ಕಳಿಸುವ ಹಾಗಾಯಿತು. ಚಳ್ಳಕೆರೆ ಕಡೆಯ ಒಬ್ಬ ಹೆಣ್ಣುಮಗಳು ಪೌತಿ ಖಾತೆಗೆ ಕಳಿಸಿದ್ದ ಮೆಸೇಜ್ ಹೀಗೆ ಶುರುವಾಗುತ್ತದೆ: “ಅಣ್ಣಾ, ನಮ್ಮನೆಯವ್ರು ಹೋದ ವರ್ಸ ಸೇಂಗಾ ಒಂದೂ ಕೈಗೆ ಹತ್ಲಿಲ್ಲ. ಆವಾಗ್ಲಿಂದ ನಮ್ಮ ಮೈದ್ನ ಪಾಣಿ ತೋರ್ಸು ಅಂತಾನೆ, ಪಾಣಿಯಾಗೆ ನನ್ ಹೆಸ್ರೆಲ್ಲೈತಣ್ಣ?” ಗಂಡ ಸತ್ತ ತಾರೀಕು ಆಕೆಗೆ ನೆನಪಿಲ್ಲ, ಸೇಂಗಾ ಕೈಗೆ ಹತ್ತದ ವರ್ಷ ನೆನಪಿದೆ. ಕಚೇರಿಗೆ ಬೇಕಾದದ್ದು ತಾರೀಕು. ಮರಣ ಪ್ರಮಾಣ ಪತ್ರದ ಫೋಟೋ ತರಿಸಿ ತಾರೀಕು ಹಾಕಿದೆ, ವಂಶವೃಕ್ಷ ಮಾಡಿಸಲು ಹೇಳಿದೆ. ಆದರೆ ಮೈದುನ ಪಹಣಿ ಕೇಳಿ ಪೀಡಿಸುತ್ತಿರುವ ಸಾಲನ್ನು ಬಿಡಲಿಲ್ಲ. ಎರಡನೇ ಪ್ಯಾರಾದಲ್ಲೇ ಹಾಕಿದೆ, ಯಾಕೆಂದರೆ ಆಕೆಗಿರುವ ಅವಸರ ಅದೇ, ಅದನ್ನು ಬಿಟ್ಟರೆ ಉಳಿಯುವುದು ಬರೀ ಫಾರಂ.

ವಾಯ್ಸ್ ಮೆಸೇಜನ್ನು ನಾನು ಒಂದೂವರೆ ಪಟ್ಟು, ಎರಡು ಪಟ್ಟು ಸ್ಪೀಡಿನಲ್ಲಿ ಕೇಳುವುದಿಲ್ಲ. ಎಲ್ಲಿ ತಡೆದು ಮಾತಾಡುತ್ತಾರೋ ಅಲ್ಲೇ ವಿಷಯ ಇರುತ್ತದೆ. ಒಂದು ಸಲ ಸುಮ್ನೆ ಕೇಳುತ್ತೇನೆ, ಇನ್ನೊಂದು ಸಲ ಚೀಟಿ ಇಟ್ಟುಕೊಂಡು. ಎದುರು ಕೂತಿದ್ದರೆ ‘ಯಾವಾಗಮ್ಮಾ?’ ಅಂತ ಆಗಲೇ ಕೇಳಬಹುದಿತ್ತು, ಇಲ್ಲಿ ಕೇಳಬೇಕಾದ್ದನ್ನೆಲ್ಲ ಕೂಡಿಸಿ ಆಮೇಲೆ ಫೋನ್ ಮಾಡುತ್ತೇನೆ. ಇನ್ನೊಂದು ಕಡೆ, ಎದುರಿಗೆ ಹೇಳಲು ನಾಚುವ ವಿಷಯವನ್ನು ಹೆಣ್ಣುಮಕ್ಕಳು ಮೆಸೇಜ್‌ನಲ್ಲಿ ಧೈರ್ಯವಾಗಿ ಹೇಳುತ್ತಾರೆ. ಟೈಪ್‌ರೈಟರ್ ಮುಂದೆ ಇಂಥ ಮಾತು ಬರುತ್ತಿರಲಿಲ್ಲ.

2017ರಲ್ಲಿ ಗೂಗಲ್ ಕನ್ನಡ ಧ್ವನಿ ಟೈಪಿಂಗ್ ಕೊಟ್ಟ ಮೇಲೆ ಅದನ್ನೂ ಹಿಡಿದು ನೋಡಿದೆ. ನಾನೇ ನಿಧಾನವಾಗಿ ಹೇಳಿದರೆ ಚೆನ್ನಾಗಿ ಬರೆಯುತ್ತದೆ, ಕೈಗೆ ಬಿಡುವು. ಹಳ್ಳಿಯವರ ಮಾತನ್ನು ನೇರವಾಗಿ ಕೇಳಿಸಿದರೆ ಆಗುವುದಿಲ್ಲ. ಬದು ಅಂದರೆ ಬಂದು ಅನ್ನುತ್ತದೆ, ಪಾಣಿ ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ. ಜಮೀನಿನ ಅರ್ಜಿಯಲ್ಲಿ ಬದು ತಪ್ಪಿದರೆ ಏನುಳಿಯಿತು?

ಬಾಯಲ್ಲಿ ಹೇಳಿದ್ದನ್ನು ಬರೆಸಿಕೊಳ್ಳುವ ಹಕ್ಕು ಕಾನೂನಿನಲ್ಲೇ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 6ನೇ ಕಲಂ ಪ್ರಕಾರ, ಬರೆಯಲು ಆಗದವರು ಬಾಯಲ್ಲಿ ಕೇಳಿದರೆ ಅದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಪೊಲೀಸ್ ಠಾಣೆಯಲ್ಲೂ ಹಾಗೆಯೇ, ಬಾಯಿಮಾತಿನ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಿ, ಸಹಿ ತೆಗೆದುಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಎಲೆಕ್ಟ್ರಾನಿಕ್ ರೂಪದಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಸಹಿ ಹಾಕಬೇಕು ಅಷ್ಟೇ. ನಮ್ಮಲ್ಲಿಗೆ ಬಂದವರಿಗೆ ಇದನ್ನು ಹೇಳಿಯೇ ಕಳಿಸುತ್ತೇನೆ, ನನ್ನ ಗಿರಾಕಿ ಕಡಿಮೆಯಾದರೂ ಸರಿ.

‘ಓದಿ ಹೇಳಿ’ ಅನ್ನುವುದನ್ನು ನಾನು ಎಲ್ಲಾ ಅರ್ಜಿಗೂ ಪಾಲಿಸುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿ ವಾಯ್ಸ್ ಮೆಸೇಜ್ ಆಗಿ ವಾಪಸ್ ಕಳಿಸುವುದು. ಮನೆಯವರೆಲ್ಲ ಕೂತು ಕೇಳುತ್ತಾರೆ, “ಅದು ಮೂಡಲ ದಿಕ್ಕಲ್ಲಪ್ಪ, ಪಡುವಲ” ಅಂತ ಯಾರೋ ಅಜ್ಜ ತಿದ್ದುತ್ತಾರೆ. ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ, ಸರಿಹೋಗುವುದೇ ಅಲ್ಲಿ. ಸರಿ ಅಂದ ಮೇಲೆಯೇ ಪ್ರಿಂಟು, ಸಹಿ ಅಥವಾ ಹೆಬ್ಬೆಟ್ಟು.

ಈಚೆಗೆ ಓದಿದ ಹುಡುಗರು ಎಐ ಹತ್ತಿರ ಅರ್ಜಿ ಬರೆಸಿಕೊಂಡು ಬರುತ್ತಾರೆ. ಭಾಷೆ ನೀಟಾಗಿರುತ್ತದೆ, ಆದರೆ ಯಾವ ಹೊಲ, ಯಾವಾಗಿನಿಂದ, ಯಾರಿಂದ ಅನ್ನುವುದು ಇರುವುದಿಲ್ಲ. ಆ ಹಾಳೆ ಪಕ್ಕಕ್ಕಿಟ್ಟು, ಮನೆಗೆ ಫೋನ್ ಹಚ್ಚಿ ಅವರ ಅಪ್ಪನನ್ನೋ ಅವ್ವನನ್ನೋ ಕರೆಯಲು ಹೇಳುತ್ತೇನೆ. ಅವರು ಹೇಳಲು ಶುರು ಮಾಡಿದ ಮೇಲೆ ಹುಡುಗರೂ ಚೀಟಿ ತೆಗೆದುಕೊಂಡು ಬರೆದುಕೊಳ್ಳುತ್ತಾರೆ.