ಟ್ರೇಲ್ ರನ್‌ನಲ್ಲಿ ಆರ್‌ಎಫ್‌ಐಡಿ: ಬಂದವರಿಗಿಂತ ಬರದವರ ಲೆಕ್ಕ

ಚಿಕ್ಕಮಗಳೂರು ಕಡೆ ಕಾಫಿ ತೋಟ, ಗುಡ್ಡದ ದಾರಿಗಳಲ್ಲಿ ನಡೆಯೋ ಟ್ರೇಲ್ ರನ್‌ಗಳಿಗೆ ಟೈಮಿಂಗ್ ಮಾಡೋದು ನನ್ನ ಕೆಲಸ. ಟೈಮಿಂಗ್ ಅಂದ್ರೆ ಯಾರು ಫಸ್ಟ್ ಬಂದ್ರು ಅಂತ ನೋಡೋದು ಅಂದ್ಕೋತಾರೆ, ನನಗೆ ಮಾತ್ರ ಮುಖ್ಯ ಅನ್ಸೋದು ಯಾರು ಇನ್ನೂ ಬಂದಿಲ್ಲ ಅನ್ನೋದು. 2021ರ ಮೇ 22ಕ್ಕೆ ಚೀನಾದ ಗಾನ್ಸುನಲ್ಲಿ 100 ಕಿ.ಮೀ. ಓಟದ ಮಧ್ಯೆ ಚಳಿಗಾಳಿ, ಮಳೆ ಹೊಡೆದು 21 ಓಟಗಾರರು ತೀರ್ಕೊಂಡ್ರಲ್ಲ, ಅದನ್ನ ಓದಿದ ಮೇಲಂತೂ ಈ ಲೆಕ್ಕ ತಲೆಯಿಂದ ಹೋಗೇ ಇಲ್ಲ.

ಆರ್‌ಎಫ್‌ಐಡಿ ಅಂದ್ರೆ ರೇಡಿಯೋ ಅಲೆಯಿಂದ ಗುರುತು ಹಿಡಿಯೋ ತಂತ್ರ. ನಾವು ಬಳಸೋದು ಅದರ ಪ್ಯಾಸಿವ್ ಯುಎಚ್‌ಎಫ್ ಟ್ಯಾಗ್, ಓಟಗಾರರ ಬಿಬ್ (ಎದೆಗೆ ಪಿನ್ ಮಾಡೋ ನಂಬರ್ ಚೀಟಿ) ಹಿಂದೆ ಇರುತ್ತೆ. ಕಾರಿನ ಗಾಜಿಗೆ ಅಂಟಿಸೋ ಫಾಸ್ಟ್ಯಾಗ್ ಕೂಡ ಇದೇ ಜಾತಿ, 865–867 ಮೆಗಾಹರ್ಟ್ಸ್. ಬ್ಯಾಟರಿ ಇರಲ್ಲ, ರೀಡರ್ (ಟ್ಯಾಗ್ ಓದೋ ಯಂತ್ರ) ಕಳ್ಸೋ ಅಲೆಯಿಂದಲೇ ಪವರ್ ತಗೊಂಡು ತನ್ನ ನಂಬರ್ ಹೇಳುತ್ತೆ. ಅದ್ಕೇ ಆಯೋಜಕರಿಗೆ ಮೊದಲೇ ಬಿಡಿಸಿ ಹೇಳ್ಬಿಡ್ತೀನಿ, ಇದು ಜಿಪಿಎಸ್ ಅಲ್ಲ, ಆಳು ಈಗ ಎಲ್ಲಿದ್ದಾರೆ ಅಂತ ಗೊತ್ತಾಗಲ್ಲ, ಇಷ್ಟು ಹೊತ್ತಿಗೆ ಇಲ್ಲಿ ದಾಟಿದ್ರು ಅಂತ ಅಷ್ಟೇ. ಹಾಗಾಗಿ ದಾರಿ ಕವಲೊಡೆದು ಸ್ವಲ್ಪ ಮುಂದೆ, ಜೀಪ್ ಬರೋ ಅಂಥ ಜಾಗ ನೋಡಿ ಚೆಕ್‌ಪಾಯಿಂಟ್ ಇಡ್ತೀನಿ, ದಾರಿ ತಪ್ಪಿದವರು ಅಲ್ಲಿ ದಾಟಲ್ಲ, ಹಾಗೆ ಗೊತ್ತಾಗ್ತಾರೆ.

ದೊಡ್ಡ ತಲೆನೋವು ನೀರು. ಮನುಷ್ಯನ ಮೈಯಲ್ಲಿ ನೀರೇ ಜಾಸ್ತಿ, ಈ ಅಲೆಗಳನ್ನ ನೀರು ಹೀರ್ಕೊಂಡ್ಬಿಡುತ್ತೆ, ಬೆವರಿಗೆ ಟೀ ಶರ್ಟ್ ಒದ್ದೆಯಾಗಿ ಬಿಬ್ ಎದೆಗೆ ಅಂಟ್ಕೊಂಡ್ರೆ ರೀಡರ್ ಪಕ್ಕದಲ್ಲೇ ಹೋದ್ರೂ ಓದದೇ ಇರಬಹುದು. ಬಿಬ್ ಹಿಂದೆ ಟ್ಯಾಗ್ ಮೇಲೆ ಒಂದು ಫೋಮ್ ಪಟ್ಟಿ ಅಂಟಿಸಿದ್ರೆ ಮೈಗೂ ಟ್ಯಾಗ್‌ಗೂ ನಡುವೆ ಒಂಚೂರು ಜಾಗ ಸಿಗುತ್ತೆ, ಅಷ್ಟರಲ್ಲೇ ಎಷ್ಟೋ ಸುಧಾರಿಸುತ್ತೆ. ರೀಡರ್‌ನ ಆಂಟೆನಾ ದಾರಿಯ ಎರಡೂ ಕಡೆ ಟ್ರೈಪಾಡ್ ಮೇಲೆ, ಸೊಂಟದ ಎತ್ತರಕ್ಕೆ, ಸರ್ಕ್ಯುಲರ್ ಪೋಲರೈಸ್ಡ್ (ಟ್ಯಾಗ್ ಹೇಗೆ ವಾಲಿದ್ರೂ ಓದೋ ಥರದ್ದು) ಆಗಿರೋದು, ಯಾಕಂದ್ರೆ ಓಡುವಾಗ ಬಿಬ್ ಹೇಗ್ಹೇಗೋ ತಿರುಗಿರುತ್ತೆ.

ಬಾಳೆಹಣ್ಣು, ನೀರಿನ ಟೇಬಲ್ ಮಾತ್ರ ಆಂಟೆನಾದಿಂದ ದೂರ ಇರ್ಬೇಕು. ಇಲ್ಲಾಂದ್ರೆ ಅಲ್ಲೇ ಕೂತು ಸುಧಾರಿಸಿಕೊಳ್ಳೋರ ನಂಬರೇ ಮತ್ತೆ ಮತ್ತೆ ಬರ್ತಾ ಇರುತ್ತೆ, ಅವರು ಹೊರಟಿದ್ದು ಯಾವಾಗ ಅಂತ ಹುಡುಕಬೇಕಾಗುತ್ತೆ.

ಗುಡ್ಡದಲ್ಲಿ ನೆಟ್‌ವರ್ಕ್ ಸಿಗಲ್ಲ ಅಂದ್ಕೊಂಡೇ ಹೋಗ್ತೀವಿ. ಎಲ್ಲ ಲ್ಯಾಪ್‌ಟಾಪ್‌ಗಳ ಗಡಿಯಾರ ಬೆಳಗ್ಗೆನೇ ಒಂದಕ್ಕೊಂದು ಕೂಡಿಸ್ಕೋತೀವಿ, ಆಮೇಲೆ ವಾಕಿಟಾಕಿನೇ ಗತಿ. ತೋಟದ ಹುಡುಗ ಒಬ್ಬ ಪೆನ್ನಲ್ಲೂ ನಂಬರ್ ಬರ್ಕೋತಾನೆ, ಇದನ್ನ ನಾನು ಯಾವತ್ತೂ ಬಿಡ್ಸಿಲ್ಲ. ಒಂದ್ಸಲ ಅವನೇ "ಅಣ್ಣಾ, ಒಬ್ಬರು ಮೇಲಿನ ಪಾಯಿಂಟ್ ದಾಟಿದಾರೆ, ನಮ್ಮಲ್ಲಿಗೆ ಬಂದಿಲ್ಲ, ಲೇಟಾಯ್ತು" ಅಂದ. ಎರಡು ಪಾಯಿಂಟ್ ನಡುವಿನ ದಾರಿ ಮಾತ್ರ ಹುಡುಕಿದ್ರೆ ಸಾಕಿತ್ತು, ಸ್ವೀಪರ್‌ಗಳು (ಕೊನೆಯ ಓಟಗಾರರ ಹಿಂದೆ ಬರೋ ನಮ್ಮವರು) ಹೋಗಿ ನೋಡಿದ್ರೆ ಆ ಓಟಗಾರರು ಪಾದ ಉಳುಕಿಸ್ಕೊಂಡು ಮರದ ಬುಡದಲ್ಲಿ ಕೂತಿದ್ರು.

ಆದ್ರೆ "ಬಂದಿಲ್ಲ" ಅನ್ನೋ ಪಟ್ಟಿಯಲ್ಲಿ ಸಿಗೋ ಹೆಸರುಗಳಲ್ಲಿ ಹೆಚ್ಚಿನವು ಸುಸ್ತಾಗಿ ಅರ್ಧಕ್ಕೇ ಬಿಟ್ಟು, ಯಾರದೋ ಕಾರು ಹತ್ತಿ ರೂಮಿಗೆ ಹೋದವರದ್ದು. ಅವರಿಗೋಸ್ಕರ ಸ್ವೀಪರ್‌ಗಳು ಕತ್ತಲಲ್ಲಿ ಜಿಗಣೆ ಕಚ್ಚಿಸ್ಕೊಂಡು ಹುಡುಕ್ತಾರೆ. ಓಟ ಬಿಡೋದಾದ್ರೆ ದಯವಿಟ್ಟು ಹತ್ತಿರದ ಚೆಕ್‌ಪಾಯಿಂಟ್‌ಗೆ ಬಂದು ಬಿಬ್ ಕೊಟ್ಟು, ಪಟ್ಟಿಯಿಂದ ಹೆಸರು ತೆಗೆಸ್ಕೊಂಡು ಹೋಗಿ.