ಜರ್ಮನಿಯಲ್ಲಿ ಬ್ಯಾಂಕ್ ಖಾತೆ: ನಾನು ತೆರೆದದ್ದು ಹೀಗೆ

ಕೆಲಸಕ್ಕೆಂದು ಜರ್ಮನಿಗೆ ಬಂದಾಗ ಮೊದಲ ಸಂಬಳ ಜಮಾ ಆಗಲು ಒಂದು ಖಾತೆ ಬೇಕಿತ್ತು. ಇಲ್ಲಿ ದಿನನಿತ್ಯದ ವ್ಯವಹಾರದ ಖಾತೆಗೆ ಗಿರೋಕೊಂಟೊ ಅನ್ನುತ್ತಾರೆ. ಅದರ ಅರ್ಜಿ ತುಂಬುವುದು ಕಷ್ಟವಲ್ಲ. ಅದಕ್ಕೂ ಮುಂಚಿನ ಕಾಗದಪತ್ರಗಳದ್ದೇ ಜಾಸ್ತಿ ಕೆಲಸ.

ಎಲ್ಲ ಶುರುವಾಗುವುದು ಮನೆಯಿಂದ. ಬಾಡಿಗೆ ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ ಅನ್ಮೆಲ್ಡುಂಗ್. ಇದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಪತ್ರವೊಂದು ಬೇಕು. 2015ರ ನವೆಂಬರ್‌ನಿಂದ ಅದು ಕಡ್ಡಾಯ, ಬಾಡಿಗೆ ಕರಾರು ತೋರಿಸಿದರೆ ಸಾಲದು. ಸ್ವಲ್ಪ ದಿನದ ಮಟ್ಟಿಗೆ ಕೋಣೆ ಕೊಡುವವರಲ್ಲಿ ಕೆಲವರು ಈ ಪತ್ರ ಕೊಡಲು ಒಪ್ಪುವುದಿಲ್ಲ. ಹಾಗಾಗಿ ನಾನು ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ ಪತ್ರ ಕೊಡುತ್ತೀರಾ ಅಂತ ಕೇಳುತ್ತಿದ್ದೆ. ಕೊಡದವರ ಕೋಣೆ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಟ್ಟೆ.

ಇನ್ನೊಂದು ವಿಷಯ, ಅಂಚೆ ಪೆಟ್ಟಿಗೆ. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್! ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಬೇರೊಂದು ಲಕೋಟೆಯಲ್ಲಿ ಬರುತ್ತದೆ. 11 ಅಂಕಿಯ ತೆರಿಗೆ ಸಂಖ್ಯೆಯೂ ಅಂಚೆಯಲ್ಲೇ ಬರುತ್ತದೆ. ಕೀಲಿ ಕೈಗೆ ಬಂದ ದಿನವೇ ಪೆಟ್ಟಿಗೆಗೆ ನನ್ನ ಹೆಸರಿನ ಚೀಟಿ ಅಂಟಿಸಿದೆ. ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಪೂರ್ತಿ ಹೆಸರು. ಇನಿಷಿಯಲ್ ಇಟ್ಟುಕೊಂಡ ನಮ್ಮಂಥವರಿಗೆ ಇದು ಮುಖ್ಯ. ನೋಂದಣಿ, ಕೆಲಸದ ಕರಾರು, ಬ್ಯಾಂಕ್ ಅರ್ಜಿ, ಎಲ್ಲ ಕಡೆ ಹೆಸರು ಒಂದೇ ರೀತಿ ಇರಲಿ.

ಇಷ್ಟೆಲ್ಲ ಕೈಯಲ್ಲಿ ಹಿಡಿದು ಹೋದರೂ ಮೊದಲು ಕಾಲಿಟ್ಟ ಬ್ಯಾಂಕ್ ಶಾಖೆಯಲ್ಲಿ ಆಗುವುದಿಲ್ಲ ಅಂದರು. ವೀಸಾ ಅವಧಿ ಕಡಿಮೆಯಂತೆ, ಇಲ್ಲಿ ಸಾಲ ತೀರಿಸಿದ ದಾಖಲೆಯೂ ಇಲ್ಲವಂತೆ. ಈಗಷ್ಟೇ ಬಂದವನಿಗೆ ಅದೆಲ್ಲಿಂದ ಬರಬೇಕು, ಅಲ್ವಾ? ಮಾಮೂಲಿ ಖಾತೆಯನ್ನು ನಿರಾಕರಿಸುವ ಹಕ್ಕು ಬ್ಯಾಂಕಿಗೆ ಇದೆ. ಆದರೆ ಬಾಸಿಸ್‌ಕೊಂಟೊ ಅನ್ನುವ ಮೂಲ ಖಾತೆಯ ವಿಷಯದಲ್ಲಿ ಹಾಗಲ್ಲ. 2016ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಯೂರೋಪಿಯನ್ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ಇರುವ ಯಾರಿಗಾದರೂ ಅದು ಸಿಗಬೇಕು. ಆಶ್ರಯ ಕೋರಿ ಬಂದವರಿಗೂ, ಖಾಯಂ ವಿಳಾಸ ಇಲ್ಲದವರಿಗೂ. ಅದಕ್ಕೆ ಕಾನೂನೇ ಗೊತ್ತುಮಾಡಿದ ಫಾರ್ಮ್ ಇದೆ. ಬ್ಯಾಂಕುಗಳ ಮೇಲೆ ಕಣ್ಣಿಡುವ ಬಾಫಿನ್ ಸಂಸ್ಥೆಯ ತಾಣದಿಂದ ಇಳಿಸಿಕೊಂಡು, ತುಂಬಿ, ಅದೇ ಶಾಖೆಯಲ್ಲಿ ಮೇಜಿನ ಮೇಲಿಟ್ಟೆ. ಮಾತಿನ ಧಾಟಿಯೇ ಬದಲಾಯಿತು. ಪೂರ್ತಿ ತುಂಬಿದ ಅರ್ಜಿ ಸಿಕ್ಕ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಒಪ್ಪಂದಕ್ಕೆ ಮುಂದಾಗಬೇಕು. ಕೊಡದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು. ಆಗ ನಾವು ಬಾಫಿನ್‌ಗೆ ದೂರು ಕೊಡಬಹುದು. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ಈ ಖಾತೆಯಲ್ಲಿ ಸಂಬಳ ಬರುತ್ತದೆ, ಬಾಡಿಗೆ ಹೋಗುತ್ತದೆ, ಕಾರ್ಡ್ ಸಿಗುತ್ತದೆ. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಹಕ್ಕು ಮಾತ್ರ ಇಲ್ಲ. ಹೊಸಬರಿಗೆ ಅದು ಇಲ್ಲದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ತಿಂಗಳ ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ನೋಡಿಕೊಂಡು ಆರಿಸಿ.

ಮೊಬೈಲಿನಲ್ಲೇ ತೆರೆಯುವ ಬ್ಯಾಂಕುಗಳೂ ಇವೆ. ಅವು ವಿಡಿಯೋ ಕರೆಯಲ್ಲಿ ಗುರುತು ನೋಡುತ್ತವೆ, ಆದರೆ ಎಲ್ಲ ದೇಶದ ಪಾಸ್‌ಪೋರ್ಟನ್ನೂ ಒಪ್ಪುವುದಿಲ್ಲ. ಪೋಸ್ಟ್‌ಇಡೆಂಟ್ ಸೌಲಭ್ಯ ಇದ್ದರೆ ಅಂಚೆ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಬಹುದು. ಅಂಥ ಕೆಲವು ಬ್ಯಾಂಕುಗಳ ಖಾತೆ ಸಂಖ್ಯೆ ಜರ್ಮನಿಯ ಡಿಇ ಬದಲು ಬೇರೆ ದೇಶದ ಅಕ್ಷರಗಳಿಂದ ಶುರುವಾಗುತ್ತದೆ. ಅದು ನಡೆಯಲ್ಲ ಅಂತ ಯಾರಾದರೂ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ. ಒಕ್ಕೂಟದ ಯಾವ ದೇಶದ ಯೂರೋ ಖಾತೆಯನ್ನಾದರೂ ಒಪ್ಪಬೇಕೆಂಬ ನಿಯಮ ಇದೆ.

ಖಾತೆ ತೆರೆಯುವಾಗಲೇ ನೀವು ತೆರಿಗೆ ಕಟ್ಟುವ ದೇಶ ಯಾವುದು ಅಂತ ಕೇಳುತ್ತಾರೆ. ಇದು ವಿದೇಶಿಯರಿಗೆ ಮಾತ್ರ ಕೇಳುವ ಪ್ರಶ್ನೆಯಲ್ಲ. ಭಾರತದಲ್ಲಿರುವ ಹಳೆಯ ಉಳಿತಾಯ ಖಾತೆಯದ್ದೇ ಬೇರೆ ಕೆಲಸ. ಕೆಲಸಕ್ಕೆಂದು ಹೊರದೇಶಕ್ಕೆ ಬಂದು ನೆಲೆಸಿದ ಮೇಲೆ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಸಾಮಾನ್ಯ ಖಾತೆಯಾಗಿ ಬದಲಿಸಬೇಕು. ಇಲ್ಲಿನ ವಿಳಾಸದ ಪುರಾವೆ ಸಿಕ್ಕ ಕೂಡಲೇ ನಾನು ಆ ಅರ್ಜಿಯನ್ನೂ ಕಳಿಸಿದೆ.