ರಾತ್ರಿ ಒಂಬತ್ತರ ಸ್ಪೀಡು

ಸಾಗರದ ನಮ್ಮ ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೆ. ಹಗಲೆಲ್ಲ ಚೆನ್ನಾಗಿಯೇ ಓಡುತ್ತಿತ್ತು. ರಾತ್ರಿ ಎಂಟಾಯಿತೋ, ಆಫೀಸಿನ ಮೀಟಿಂಗಿನಲ್ಲಿ ನನ್ನ ಮಾತು ತುಂಡು ತುಂಡು. ಕಂಪನಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ನಿಮ್ಮ ವೈಫೈ ವೀಕ್ ಇರ್ಬೇಕು ಸಾರ್, ರೂಟರ್ ಆಫ್ ಮಾಡಿ ಆನ್ ಮಾಡಿ."

ಸರಿ, ವೈಫೈಯನ್ನೇ ಬದಿಗಿಟ್ಟು ನೋಡೋಣ ಅಂದುಕೊಂಡೆ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ, ಮನೆಯ ಫೋನು, ಟಿವಿ ಎಲ್ಲ ಬಂದ್ ಮಾಡಿಸಿ ಸ್ಪೀಡ್ ಟೆಸ್ಟ್ ಮಾಡಿದೆ. ಬೆಳಿಗ್ಗೆ ಆರಕ್ಕೆ 93, 94. ರಾತ್ರಿ ಒಂಬತ್ತಕ್ಕೆ 7, 11, 6. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ 15 ದಿನ ಬರೆದಿಟ್ಟೆ. ಫೈಬರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಎಂಬುದನ್ನು ರೂಟರಿನ ಸೆಟ್ಟಿಂಗ್ಸ್ ಪುಟ ತೋರಿಸುತ್ತದೆ. ಬೆಳಿಗ್ಗೆಯೂ ರಾತ್ರಿಯೂ ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ). ಅದು ಮೈನಸ್ 27ರ ಹತ್ತಿರ ಇಳಿದರೆ ಲೈನಿನ ಮೇಲೆ ಅನುಮಾನ ಪಡಬೇಕು. ನಮ್ಮದು ಗಟ್ಟಿಯಾಗಿತ್ತು. ಊರೆಲ್ಲ ಒಟ್ಟಿಗೆ ಮೊಬೈಲು, ಟಿವಿ ಹಿಡಿಯುವ ಹೊತ್ತಿಗೆ ಕಂಪನಿಯ ಲಿಂಕೇ ಸಾಲುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. 2023ರಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಅಂದರೆ 6 ಬಂದರೂ ಅದು ಬ್ರಾಡ್‌ಬ್ಯಾಂಡೇ! ಆ ಅಂಕಿ ಹಿಡಿದು ಜಗಳಕ್ಕೆ ಹೋದರೆ ಸೋಲು ನಮ್ಮದೇ. ನಾನು ಹಿಡಿದದ್ದು ಅವರದೇ ಪ್ಲಾನಿನ ಮಾತನ್ನು. ಎಷ್ಟು ಡೇಟಾ ತನಕ ಯಾವ ವೇಗ, ಅದು ಮುಗಿದ ಮೇಲೆ ಎಷ್ಟು ಎಂದು ಸ್ಪಷ್ಟವಾಗಿ ತಿಳಿಸಬೇಕು ಅಂತ 2016ರಲ್ಲೇ ಟ್ರಾಯ್, ಅಂದರೆ ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಹೇಳಿದೆ. ನನ್ನ ಮಿತಿ ತಿಂಗಳಿಗೆ 3300 ಜಿಬಿ, ಬಳಸಿದ್ದು 410. ಆ ಪುಟದ ಸ್ಕ್ರೀನ್‌ಶಾಟನ್ನೂ ತೆಗೆದಿಟ್ಟೆ.

ಫೋನಿನಲ್ಲಿ ದೂರು ಕೊಟ್ಟು, ಡಾಕೆಟ್ ನಂಬರ್ (ದೂರು ದಾಖಲಾದ ಸಂಖ್ಯೆ) ಹೇಳುವ ತನಕ ಫೋನ್ ಇಡಲಿಲ್ಲ. ಮುಂದಿನದಕ್ಕೆಲ್ಲ ಆ ನಂಬರೇ ಆಧಾರ. ಎರಡೇ ದಿನಕ್ಕೆ "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು, ರಾತ್ರಿ ನೋಡಿದರೆ ಅದೇ 8. ಬಿಡಿ ಬಿಡಿ ದೂರುಗಳನ್ನು ಟ್ರಾಯ್ ವಿಚಾರಿಸುವುದಿಲ್ಲ. ಕಂಪನಿಯೊಳಗೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು, ಅದಕ್ಕೆ ಶುಲ್ಕವಿಲ್ಲ. ನೋಟ್‌ಬುಕ್ಕಿನ ಹಾಳೆಗಳ ಫೋಟೊ, ಡಾಕೆಟ್ ನಂಬರ್, ಪ್ಲಾನಿನ ಪುಟ ಸೇರಿಸಿ ಕಳಿಸಿದೆ.

ಮೂರನೇ ವಾರ ಲೈನ್‌ಮನ್ ಹುಡುಗನೇ ಫೋನ್ ಮಾಡಿದ: "ಅಣ್ಣಾ, ಮೇಲಿಂದ ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿದಾರೆ, ಒಂದ್ಸಲ ನೋಡಿ." ಆ ರಾತ್ರಿ ಒಂಬತ್ತಕ್ಕೆ 88 ಬಂತು. ಪಕ್ಕದ ಮನೆಯವರದೂ ಅದೇ ಲೈನು, ಅವರಿಗೂ ಸರಿಯಾಗಿದೆ.